ನಮ್ಮ ಪುಟ್ಟಿಯ ವರದಿಯನ್ನು ಇನ್ನೊಮ್ಮೆ ಓದಿ: ಜೈವಿಕ ತಂತ್ರಜ್ಞಾನ ಇಲಾಖೆಗೆ ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಕಾರ್ಯದರ್ಶಿಯವರು,
ಜೈವಿಕ ತಂತ್ರಜ್ಞಾನ ಇಲಾಖೆ, ಭಾರತ ಸರ್ಕಾರ, ನವದೆಹಲಿ.
ಹಾಗೂ ದೇಶದಲ್ಲಿ ಜೀನ್ ಪರೀಕ್ಷೆ ನಡೆಸುವ ಎಲ್ಲ ಪ್ರಯೋಗಾಲಯಗಳವರಿಗೆ, ಗಣಕ ಜೀವವಿಜ್ಞಾನದಲ್ಲಿ ದುಡಿಯುತ್ತಿರುವ ಸಂಶೋಧಕರಿಗೆ.

ವಿಷಯ: ಹಳೆಯ ಜೀನ್ ವರದಿಗಳನ್ನು ಹೊಸ ವಿಧಾನಗಳಿಂದ ಮತ್ತೆ ಓದುವ ಬಗ್ಗೆ, ಮತ್ತು ನಮ್ಮ ಗಡಿ ಜಿಲ್ಲೆಯ ಜನರನ್ನು ಲೆಕ್ಕಕ್ಕೆ ಸೇರಿಸುವ ಬಗ್ಗೆ.

ಮಾನ್ಯರೇ,

ನಾನು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆಯವಳು. ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಡಿಎನ್‌ಎ ಪಾಠ ಬಂದಾಗಲೆಲ್ಲ ಮಕ್ಕಳ ಕಣ್ಣು ಅರಳುವುದನ್ನು ನೋಡಿದ್ದೇನೆ. ಆ ಪಾಠ ನನ್ನ ಸ್ವಂತ ಮನೆಯ ಅಂಗಳಕ್ಕೆ ಬರುತ್ತದೆ ಅಂತ ಮಾತ್ರ ಅಂದುಕೊಂಡಿರಲಿಲ್ಲ.

ನನ್ನ ಅಕ್ಕನ ಮಗಳಿಗೆ ಈಗ ಹತ್ತು ವರ್ಷ. ಮನೆಯಲ್ಲಿ ಪುಟ್ಟಿ ಅನ್ನುತ್ತೇವೆ. ಏಳನೇ ತಿಂಗಳಲ್ಲಿ ಮೊದಲ ಸಲ ಫಿಟ್ಸ್ ಬಂತು. ನಡೆಯಲು ಶುರು ಮಾಡಿದ್ದು ಮೂರು ತುಂಬಿದ ಮೇಲೆ. ಮಾತು ಇವತ್ತಿಗೂ ಕೆಲವೇ ಶಬ್ದ. ಆದರೆ ಅವಳಿಗೆ ಎಲ್ಲರ ಗುರುತು ಗೊತ್ತು. ನಾನು ಶಾಲೆಯಿಂದ ಬರುವ ಹೊತ್ತಿಗೆ ಜಗಲಿಯಲ್ಲಿ ಕೂತು ಗೇಟು ನೋಡುತ್ತಾಳೆ.

ನಮ್ಮ ಊರಲ್ಲಿ ಇಂಥ ಮಗು ಹುಟ್ಟಿದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಶಬ್ದ ಎಂಡೋಸಲ್ಫಾನ್. ಅದರಲ್ಲಿ ತಪ್ಪೇನಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಆ ಕೀಟನಾಶಕ ವಿಷ ಸುರಿದರು. ಕೆಳಗೆ ಮನೆ ಇತ್ತು, ನೀರಿಗಾಗಿ ಗುಡ್ಡದೊಳಗೆ ಕೊರೆದ ಸುರಂಗ ಇತ್ತು, ಕುಡಿಯುವ ನೀರಿನ ತೋಡು ಇತ್ತು. ಪಡ್ರೆಯ ವೈದ್ಯ ಡಾ. ಮೋಹನ್ ಕುಮಾರ್ ತಮ್ಮ ಬಳಿ ಬರುತ್ತಿದ್ದ ರೋಗಿಗಳಲ್ಲಿ ಏನೋ ಸರಿಯಿಲ್ಲ ಅಂತ ಗಮನಿಸಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶವಿಡೀ ಅದನ್ನು ನಿಲ್ಲಿಸಿತು. ಆ ನೋವು ನಮ್ಮದೇ. ಅದನ್ನು ಚಿಕ್ಕದು ಮಾಡಲು ನಾನು ಈ ಪತ್ರ ಬರೆಯುತ್ತಿಲ್ಲ.

ಆದರೆ ಪುಟ್ಟಿ ಹುಟ್ಟಿದ್ದು ಸಿಂಪಡಣೆ ನಿಂತು ಹದಿನೈದು ವರ್ಷ ಆದ ಮೇಲೆ. ಮಂಗಳೂರಿನ ಮಕ್ಕಳ ವೈದ್ಯರೊಬ್ಬರು ಅವಳನ್ನು ಕೂಲಂಕಷವಾಗಿ ನೋಡಿ, "ಇದು ಜೀನಿನಿಂದ ಬಂದದ್ದೂ ಇರಬಹುದು, ಒಮ್ಮೆ ಪರೀಕ್ಷೆ ಮಾಡಿಸಿ" ಅಂದರು. 2019ರಲ್ಲಿ ಭಾವ ಅಟ್ಟದಲ್ಲಿಟ್ಟಿದ್ದ ಹಳೆ ಅಡಿಕೆ ಮಾರಿ 28,000 ರೂಪಾಯಿ ಕಟ್ಟಿದರು. ಪುಟ್ಟಿಯ ರಕ್ತ ದೂರದ ಊರಿನ ಒಂದು ಪ್ರಯೋಗಾಲಯಕ್ಕೆ ಹೋಯಿತು. ಅಪ್ಪ ಅಮ್ಮನ ರಕ್ತವನ್ನೂ ಜೊತೆಗೆ ಓದಿಸಿದರೆ ಒಳ್ಳೆಯದು ಅಂದಿದ್ದರು. ಅದಕ್ಕೆ ಇನ್ನಷ್ಟು ದುಡ್ಡು ಬೇಕಿತ್ತು. ಇರಲಿಲ್ಲ.

ಎರಡು ತಿಂಗಳ ಮೇಲೆ ಒಂಬತ್ತು ಪುಟದ ಇಂಗ್ಲಿಷ್ ವರದಿ ಬಂತು. ಅದರಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು. ವೈದ್ಯರು ಅದನ್ನು 'ವಿಯುಎಸ್' ಅನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ, ಅರ್ಥ ಖಚಿತವಿಲ್ಲದ ಬದಲಾವಣೆ. ಫಿಟ್ಸ್‌ಗೆ ಸಂಬಂಧಪಟ್ಟ ಒಂದು ಜೀನಿನಲ್ಲಿ ಡಿಎನ್‌ಎಯ ಒಂದು ಅಕ್ಷರ ಬದಲಾಗಿದೆ. ಅದರಿಂದ ಪ್ರೋಟೀನಿನ ಒಂದು ಅಮೈನೋ ಆಮ್ಲದ ಜಾಗಕ್ಕೆ ಬೇರೊಂದು ಬಂದಿದೆ. ಅದು ರೋಗಕ್ಕೆ ಕಾರಣವೂ ಇರಬಹುದು, ಸುಮ್ನೆ ಇರುವ ವ್ಯತ್ಯಾಸವೂ ಇರಬಹುದು. ಇಷ್ಟೇ.

ಅಕ್ಕ ನನ್ನ ಕೈಗೆ ವರದಿ ಕೊಟ್ಟು, "ನೀನು ಇದನ್ನೇ ಅಲ್ವಾ ಮಕ್ಕಳಿಗೆ ಕಲಿಸುವುದು? ಏನು ಬರೆದಿದ್ದಾರೆ ಹೇಳು" ಅಂದಳು. "ಗೊತ್ತಿಲ್ಲ ಅಂತ ಬರೆದಿದ್ದಾರೆ ಅಕ್ಕ" ಅಂದೆ. ಅವಳು ಆ ಕಾಗದವನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಳು. ಇನ್ನೊಂದು ಮಗು ಬೇಕೆಂಬ ಆಸೆ ಅವಳಿಗಿತ್ತು. ಮತ್ತೆ ಹೀಗೇ ಆದರೆ ಅಂತ ಆ ಮಾತು ಅಲ್ಲಿಗೇ ಬಿಟ್ಟಳು. ಈಗ ಅವಳಿಗೆ ನಲವತ್ತೊಂದು.

ಆ ಪ್ಲಾಸ್ಟಿಕ್ ಕವರು ಅಲ್ಲೇ ಇದ್ದ ಆರು ವರ್ಷಗಳಲ್ಲಿ ನಿಮ್ಮ ಕ್ಷೇತ್ರದಲ್ಲಿ ಏನೇನಾಯಿತು ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಒಂದಿಷ್ಟು ಬರೆಯುತ್ತೇನೆ. ಈ ಪತ್ರ ಓದುವ ನಮ್ಮ ಊರಿನವರಿಗೂ ತಿಳಿಯಲಿ ಅಂತ.

ಪ್ರೋಟೀನು ಅಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಇಪ್ಪತ್ತು ಬಗೆಯ ಮಣಿಗಳು. ಸರ ಹಾಗೇ ನೇರ ಇರುವುದಿಲ್ಲ, ತನ್ನಷ್ಟಕ್ಕೆ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಆ ಆಕಾರದಿಂದಲೇ ಅದರ ಕೆಲಸ. ನಾನು ತರಗತಿಯಲ್ಲಿ ಅಕ್ಕಿ ಮುಡಿಯ ಉದಾಹರಣೆ ಕೊಡುತ್ತೇನೆ. ಅಕ್ಕಿಯ ಸುತ್ತ ಬೈಹುಲ್ಲಿನ ಹಗ್ಗ ಬಿಗಿದು ಕಟ್ಟುವ ಮೂಟೆ ಅದು. ಸರಿಯಾಗಿ ಸುತ್ತಿದರೆ ಅಕ್ಕಿ ವರ್ಷಗಟ್ಟಲೆ ನಿಲ್ಲುತ್ತದೆ. ಒಂದು ಸುತ್ತು ತಪ್ಪಿದರೆ ಒಂದೋ ಏನೂ ಆಗುವುದಿಲ್ಲ, ಇಲ್ಲವೇ ಅಕ್ಕಿ ಎಲ್ಲ ಚೆಲ್ಲುತ್ತದೆ. ಯಾವ ಸುತ್ತು ತಪ್ಪಿತು ಅನ್ನುವುದರ ಮೇಲೆ ಅದು ನಿಂತಿದೆ. ಪುಟ್ಟಿಯ ವರದಿಯ ಪ್ರಶ್ನೆಯೂ ಅದೇ.

ಸರ ನೋಡಿ ಆಕಾರ ಹೇಳುವುದು ದಶಕಗಳ ಕಾಲ ಬಗೆಹರಿಯದ ಲೆಕ್ಕವಾಗಿತ್ತು. ಅದಕ್ಕೆ ಅಡಿಪಾಯ ಹಾಕಿದವರಲ್ಲಿ ನಮ್ಮವರೂ ಇದ್ದಾರೆ. ಎರ್ನಾಕುಳಂನಲ್ಲಿ ಹುಟ್ಟಿ ಮದ್ರಾಸಿನಲ್ಲಿ ಕೆಲಸ ಮಾಡಿದ ಜಿ.ಎನ್. ರಾಮಚಂದ್ರನ್ 1963ರಲ್ಲಿ ಸಹೋದ್ಯೋಗಿಗಳ ಜೊತೆ ಒಂದು ನಕ್ಷೆ ಕೊಟ್ಟರು. ಪ್ರೋಟೀನಿನ ಸರ ಯಾವ ಕೋನದಲ್ಲಿ ತಿರುಗಬಹುದು, ಯಾವುದರಲ್ಲಿ ತಿರುಗಲಾರದು ಅನ್ನುವ ನಕ್ಷೆ. ಇವತ್ತಿಗೂ ಹೊಸದಾಗಿ ಕಂಡುಹಿಡಿದ ಆಕಾರ ಸರಿಯಿದೆಯೇ ಎಂದು ನೋಡಲು ಅದನ್ನೇ ಹಿಡಿಯುತ್ತಾರೆ. ಇದನ್ನು ಮಕ್ಕಳಿಗೆ ಹೇಳುವಾಗ ನನ್ನ ಧ್ವನಿ ಸ್ವಲ್ಪ ಜೋರಾಗುತ್ತದೆ.

2020ರ ಕೊನೆಗೆ ಆಲ್ಫಾಫೋಲ್ಡ್ 2 ಅನ್ನುವ ಕಂಪ್ಯೂಟರ್ ಪ್ರೋಗ್ರಾಮು, ಎರಡು ವರ್ಷಕ್ಕೊಮ್ಮೆ ನಡೆಯುವ ಆಕಾರ ಊಹಿಸುವ ಸ್ಪರ್ಧೆಯಲ್ಲಿ ಎಲ್ಲರನ್ನೂ ಬೆರಗುಗೊಳಿಸಿತು. ಹಲವು ಪ್ರೋಟೀನುಗಳಲ್ಲಿ ಅದರ ಊಹೆ ಪ್ರಯೋಗದಲ್ಲಿ ಸಿಕ್ಕ ಉತ್ತರಕ್ಕೆ ತೀರಾ ಹತ್ತಿರ ಇತ್ತು. 2021ರಲ್ಲಿ ಮನುಷ್ಯನ ಬಹುತೇಕ ಎಲ್ಲ ಪ್ರೋಟೀನುಗಳ ಊಹಿಸಿದ ಆಕಾರವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟರು. 2022ರ ಹೊತ್ತಿಗೆ ಬೇರೆ ಬೇರೆ ಜೀವಿಗಳದ್ದೂ ಸೇರಿ 20 ಕೋಟಿಗೂ ಹೆಚ್ಚು. 2024ರ ರಸಾಯನಶಾಸ್ತ್ರದ ನೊಬೆಲ್ ಇದೇ ದಾರಿಯ ಕೆಲಸಕ್ಕೆ ಬಂತು. ಅರ್ಧ ಪಾಲು ಹೊಸ ಪ್ರೋಟೀನುಗಳನ್ನು ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಅವರಿಗೆ, ಉಳಿದರ್ಧ ಆಲ್ಫಾಫೋಲ್ಡ್‌ನ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ.

ನಮ್ಮ ಮನೆಗೆ ನೇರ ತಾಗುವುದು 2023ರ ಸೆಪ್ಟೆಂಬರಿನದು. ಆಲ್ಫಾಮಿಸ್ಸೆನ್ಸ್ ಅನ್ನುವ ಇನ್ನೊಂದು ಪ್ರೋಗ್ರಾಮು. ಮನುಷ್ಯನ ಪ್ರೋಟೀನುಗಳಲ್ಲಿ ಒಂದು ಅಕ್ಷರ ಬದಲಾಗಿ ಒಂದು ಅಮೈನೋ ಆಮ್ಲದ ಜಾಗಕ್ಕೆ ಇನ್ನೊಂದು ಬರಬಹುದಾದ ಸಾಧ್ಯತೆಗಳು ಸುಮಾರು 7 ಕೋಟಿ 10 ಲಕ್ಷ. ಅವುಗಳಲ್ಲಿ ತಜ್ಞರು ನೋಡಿ ಇದು ಹೀಗೆ ಎಂದು ಖಚಿತ ಮಾಡಿದ್ದು ಶೇಕಡ 0.1 ಮಾತ್ರ. ಆ ಪ್ರೋಗ್ರಾಮು ಶೇಕಡ 89ಕ್ಕೆ ಒಂದಲ್ಲ ಒಂದು ಊಹೆ ಕೊಟ್ಟಿತು. ಶೇಕಡ 57 ಬಹುಶಃ ನಿರುಪದ್ರವಿ, ಶೇಕಡ 32 ಬಹುಶಃ ಹಾನಿಕರ. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು.

ಇದನ್ನು ನನಗೆ ಹೇಳಿದವನು ನನ್ನ ಹಳೆ ವಿದ್ಯಾರ್ಥಿ. ನಮ್ಮ ಶಾಲೆಯಲ್ಲೇ ಕನ್ನಡದಲ್ಲಿ ಹತ್ತನೇವರೆಗೆ ಓದಿದ ಹುಡುಗ. ಈಗ ಬೆಂಗಳೂರಿನಲ್ಲಿ ಬಯೋಇನ್‌ಫರ್ಮ್ಯಾಟಿಕ್ಸ್‌ನಲ್ಲಿ, ಅಂದರೆ ಜೀವಿಗಳ ಮಾಹಿತಿಯನ್ನು ಕಂಪ್ಯೂಟರಿನಿಂದ ಓದುವ ವಿಷಯದಲ್ಲಿ, ಎಂ.ಎಸ್ಸಿ. ಮಾಡುತ್ತಿದ್ದಾನೆ. ಕಳೆದ ದೀಪಾವಳಿ ರಜೆಯಲ್ಲಿ ಮನೆಗೆ ಬಂದಿದ್ದ. ಮಾತಿಗೆ ಮಾತು ಬಂದು ನಾನು ಪುಟ್ಟಿಯ ವರದಿ ತೋರಿಸಿದೆ. ಅವನು ಜೀನಿನ ಹೆಸರು, ಬದಲಾದ ಜಾಗ ನೋಡಿಕೊಂಡು ಜಗಲಿಯಲ್ಲೇ ಕೂತು ಮೊಬೈಲಿನಲ್ಲಿ ಹುಡುಕಿದ. ಹತ್ತು ನಿಮಿಷ ಆಗಿರಬಹುದು. ಆ ಪಟ್ಟಿಯಲ್ಲಿ ಅಂಕ 0ಯಿಂದ 1ರವರೆಗೆ ಇರುತ್ತದೆ. 0.564ಕ್ಕಿಂತ ಮೇಲೆ ಹೋದರೆ ಹಾನಿಕರ ಇರುವ ಸಂಭವ ಜಾಸ್ತಿ ಅಂತ ಲೆಕ್ಕ. ಪುಟ್ಟಿಯದು 0.9ಕ್ಕಿಂತ ಮೇಲಿತ್ತು.

"ಟೀಚರ್, ಇದು ಊಹೆ ಮಾತ್ರ. ಇದನ್ನೇ ನಂಬಿ ಮದ್ದು ಬದಲಿಸ್ಬೇಡಿ" ಅಂದ. "ಆದ್ರೆ 2019ರಲ್ಲಿ ಅವರಿಗೆ ಗೊತ್ತಿಲ್ಲದ್ದು ಈಗ ಸ್ವಲ್ಪ ಗೊತ್ತಾಗ್ಬಹುದು. ಲ್ಯಾಬಿನವರಿಗೆ ಬರೆದು ಮತ್ತೊಮ್ಮೆ ನೋಡ್ಲಿಕ್ಕೆ ಹೇಳಿ."

ಅವನ ಎಚ್ಚರಿಕೆ ಸರಿ. ಕಂಪ್ಯೂಟರಿನ ಊಹೆ ಒಂದು ಸಾಕ್ಷಿ, ತೀರ್ಪಲ್ಲ. ಅದರ ಜೊತೆ ಅಪ್ಪ ಅಮ್ಮನ ಪರೀಕ್ಷೆ ಬೇಕು. ಅದೇ ಬದಲಾವಣೆ ಇರುವ ಬೇರೆ ಮಕ್ಕಳ ವಿವರ ಬೇಕು. ಸಾಧ್ಯವಾದರೆ ಪ್ರಯೋಗಾಲಯದಲ್ಲಿ ಆ ಪ್ರೋಟೀನು ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕು. ಎಲ್ಲ ಸೇರಿಸಿ ತಜ್ಞರು ಹೇಳಬೇಕು. ನಾನು ಶಿಕ್ಷಕಿ, ಇಷ್ಟು ಅರ್ಥ ಮಾಡಿಕೊಳ್ಳಬಲ್ಲೆ.

ಹಾಗಾಗಿ ಅಕ್ಕನ ಪರವಾಗಿ ಪ್ರಯೋಗಾಲಯಕ್ಕೆ ಬರೆದೆ. ಎರಡು ಕೇಳಿದೆ. ಹಳೆಯ ಮಾಹಿತಿಯನ್ನು ಈಗಿನ ವಿಧಾನಗಳಿಂದ ಮತ್ತೆ ಓದಿ ಕೊಡಿ. ಇಲ್ಲವಾದರೆ ಪುಟ್ಟಿಯ ಜೀನುಗಳ ಕಚ್ಚಾ ಫೈಲನ್ನಾದರೂ ಕೊಡಿ, ಬೇರೆ ಕಡೆ ಓದಿಸುತ್ತೇವೆ. ಮೂರು ಸಲ ಬರೆದ ಮೇಲೆ ಎರಡು ಸಾಲಿನ ಉತ್ತರ ಬಂತು. ಫೈಲನ್ನು ಎರಡು ವರ್ಷ ಮಾತ್ರ ಇಟ್ಟುಕೊಳ್ಳುತ್ತೇವೆ, ಈಗ ಇಲ್ಲ. ಬೇಕಾದರೆ ಹೊಸದಾಗಿ ಪರೀಕ್ಷೆ ಮಾಡಿಸಿ.

ಮಾನ್ಯರೇ, ಆ ಎರಡು ಸಾಲು ಓದಿದ ದಿನ ನನಗೆ ಊಟ ಸೇರಲಿಲ್ಲ. ಫೈಲ್ ಅಳಿಸುವ ಮೊದಲು ಒಂದು ಫೋನ್ ಮಾಡಬಹುದಿತ್ತು. ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಕೊಡಬಹುದಿತ್ತು. ಅದು ಒಂದು ಮಗುವಿನ ಮೈಯೊಳಗಿನ ಮಾಹಿತಿ, ಅವಳ ಅಪ್ಪ ಅಡಿಕೆ ಮಾರಿ ಓದಿಸಿದ್ದು. ಹಾಗೆ ಒಂದು ಫೈಲ್ ಇದೆ, ಅದನ್ನು ಕೇಳಿ ಪಡೆಯಬಹುದು ಅಂತಲೇ ನಮಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಅಕ್ಕ ಸಹಿ ಹಾಕಿದ್ದ ಒಪ್ಪಿಗೆ ಪತ್ರದ ಪ್ರತಿ ತೆಗೆದು ಓದಿದೆ. ಪೂರ್ತಿ ಇಂಗ್ಲಿಷ್. ಅಕ್ಕ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದಿದವಳು. ತುಳು, ಮಲಯಾಳ ಎರಡೂ ಸಲೀಸಾಗಿ ಮಾತಾಡುತ್ತಾಳೆ. ಆ ಪತ್ರದ ನಾಲ್ಕನೇ ಪುಟದಲ್ಲಿ, ಹೆಸರು ತೆಗೆದು ಮಾಹಿತಿಯನ್ನು ಸಂಶೋಧನೆಗೆ ಬಳಸಬಹುದು, ಇತರರ ಜೊತೆ ಹಂಚಿಕೊಳ್ಳಬಹುದು ಅಂತ ಇದೆ. "ಇಲ್ಲಿ ಸೈನ್ ಮಾಡಿ" ಅಂದರು, ಮಾಡಿದಳು. ಸಂಶೋಧನೆಗೆ ಕೊಡಲು ಅವಳಿಗೆ ಬೇಸರ ಇಲ್ಲ. ಕೇಳಿದರೆ ಖುಷಿಯಿಂದ ಕೊಡುತ್ತಿದ್ದಳು. ಆದರೆ ಬೇರೆಯವರಿಗೆ ಕೊಡಬಹುದಾದ ಮಾಹಿತಿ ಅವಳಿಗೇ ಸಿಗಲಿಲ್ಲ ಅನ್ನುವುದು ಯಾವ ನ್ಯಾಯ?

ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅಂದಿನಿಂದ ಅರ್ಜಿ, ನೋಟೀಸು, ಪಾಠ ಪುಸ್ತಕ, ಎಲ್ಲಕ್ಕೂ ಕನ್ನಡದಲ್ಲಿ ಕೊಡಿ ಅಂತ ಕೇಳುತ್ತಲೇ ಬಂದಿದ್ದೇವೆ. ಈಗ ನಮ್ಮ ರಕ್ತದ ಬಗ್ಗೆ ಬರೆದ ಕಾಗದವನ್ನೂ ಕನ್ನಡದಲ್ಲಿ ಕೊಡಿ ಅಂತ ಕೇಳುವ ಕಾಲ ಬಂದಿದೆ. ಇದು ಭಾಷೆಯ ಹಟ ಅಲ್ಲ. ಒಪ್ಪಿಗೆ ಅನ್ನುವ ಶಬ್ದಕ್ಕೆ ಅರ್ಥ ಬರಬೇಕಾದರೆ ಒಪ್ಪುವವರಿಗೆ ಅದು ಅರ್ಥವಾಗಬೇಕು.

ಇನ್ನು ನನ್ನನ್ನು ತುಂಬ ಕಾಡುವ ವಿಷಯಕ್ಕೆ ಬರುತ್ತೇನೆ.

ಪುಟ್ಟಿಯ ವರದಿಯಲ್ಲಿ ಒಂದು ಸಾಲಿದೆ. ಈ ಬದಲಾವಣೆ, ಬಹಳ ಜನರ ಜೀನ್ ಮಾಹಿತಿ ಕೂಡಿಟ್ಟ ದತ್ತಾಂಶ ಸಂಗ್ರಹಗಳಲ್ಲಿ ಕಂಡುಬಂದಿಲ್ಲ. ಅದರ ಹಿಂದಿನ ತರ್ಕ ಹೀಗೆ: ಒಂದು ಬದಲಾವಣೆ ಆರೋಗ್ಯವಾಗಿರುವ ಸಾವಿರಾರು ಜನರಲ್ಲೂ ಇದ್ದರೆ, ಬಾಲ್ಯದಲ್ಲೇ ಬರುವ ಇಂಥ ತೀವ್ರ ರೋಗಕ್ಕೆ ಅದು ಕಾರಣ ಆಗಿರಲಾರದು. ಯಾರಲ್ಲೂ ಇಲ್ಲದಿದ್ದರೆ ಅನುಮಾನ ಹೆಚ್ಚುತ್ತದೆ. ಒಳ್ಳೆಯ ತರ್ಕ. ಆದರೆ ಅದು ನಿಲ್ಲಬೇಕಾದರೆ ಆ ಸಂಗ್ರಹದಲ್ಲಿ ನಮ್ಮಂಥವರು ಇರಬೇಕಲ್ಲ? ಊರಿನ ಅರ್ಧ ಮನೆಗಳಿಗೆ ಹೋಗದೆ, ಈ ಊರಲ್ಲಿ ಇಂಥ ಹೂವು ಇಲ್ಲ ಅಂದರೆ ಹೇಗೆ?

ನಾನು ಹುಡುಕಿ ಓದಿದೆ. ಜೀನೋಮ್ ಅಂದರೆ ಒಬ್ಬರ ಇಡೀ ಡಿಎನ್‌ಎ. ಪ್ರಪಂಚದ ಸಂಶೋಧಕರು ಬಹಳ ಬಳಸುವ ಸಾವಿರ ಜೀನೋಮ್ ಯೋಜನೆ 2015ರಲ್ಲಿ ಮುಗಿಯಿತು. 26 ಜನಸಮೂಹಗಳ 2,504 ಜನ. ಅದರಲ್ಲಿ ದಕ್ಷಿಣ ಏಷ್ಯಾದ ಪಾಲು ಐದು ಗುಂಪು: ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಗುಜರಾತಿಗಳು, ಬ್ರಿಟನ್‌ನಲ್ಲಿರುವ ತೆಲುಗರು, ಬ್ರಿಟನ್‌ನಲ್ಲಿರುವ ಶ್ರೀಲಂಕಾ ತಮಿಳರು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು. ಭಾರತದ ನೆಲದಲ್ಲಿ ನಿಂತು ರಕ್ತ ಕೊಟ್ಟವರು ಒಬ್ಬರೂ ಇಲ್ಲ. ವೈದ್ಯರು ದಿನಾ ನೋಡುವ ನೋಮ್ಯಾಡ್ ಅನ್ನುವ ಸಂಗ್ರಹದ 2023ರ ಆವೃತ್ತಿಯಲ್ಲಿ 8 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇದೆ. ದಕ್ಷಿಣ ಏಷ್ಯಾದವರು ನೂರಕ್ಕೆ ಆರು ಮಂದಿಯೂ ಇಲ್ಲ. ಪ್ರಪಂಚದ ನಾಲ್ವರಲ್ಲಿ ಒಬ್ಬರು ಈ ಭಾಗದವರು.

ಇದನ್ನು ಸರಿ ಮಾಡಲು ನಿಮ್ಮ ಇಲಾಖೆ ಕೈ ಹಾಕಿದೆ. ಅದಕ್ಕೆ ಮನಸಾರೆ ಕೃತಜ್ಞತೆ. 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆ ಹತ್ತು ಸಾವಿರ ಭಾರತೀಯರ ಜೀನೋಮ್ ಓದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಇದರ ಮುಂದಾಳು, ದೇಶದ 20 ಸಂಸ್ಥೆಗಳು ಜೊತೆಗೂಡಿದವು. 83 ಜನಸಮೂಹಗಳು, 18 ಕೋಟಿ ಬದಲಾವಣೆಗಳು. 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದ ಮೂಲಕ ಸಂಶೋಧಕರಿಗೆ ತೆರೆದಿರಿ. ಆ ಸುದ್ದಿಯನ್ನು ನಾನು ಶಾಲೆಯ ಗೋಡೆ ಪತ್ರಿಕೆಯಲ್ಲಿ ಬರೆಸಿದೆ.

ಆದರೆ ನಮ್ಮ ದೇಶದಲ್ಲಿ 4,600ಕ್ಕೂ ಹೆಚ್ಚು ಸಮುದಾಯಗಳಿವೆ ಅನ್ನುತ್ತಾರೆ. 83 ಒಂದು ಒಳ್ಳೆಯ ಆರಂಭ ಮಾತ್ರ. ಕಾಸರಗೋಡನ್ನು ಸಪ್ತಭಾಷೆಯ ನಾಡು ಅನ್ನುತ್ತೇವೆ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಕರಾಡ, ಉರ್ದು, ಎಣಿಸುತ್ತಾ ಹೋದರೆ ಏಳಕ್ಕೂ ಮೀರುತ್ತದೆ. ಕೊರಗರಿದ್ದಾರೆ, ಮಾವಿಲರಿದ್ದಾರೆ, ಮರಾಟಿಗಳಿದ್ದಾರೆ, ಹವ್ಯಕರು, ಬಂಟರು, ಬಿಲ್ಲವರು, ತೀಯರು, ಬ್ಯಾರಿಗಳು. ಹೆಚ್ಚಿನವರು ನೂರಾರು ವರ್ಷದಿಂದ ತಮ್ಮತಮ್ಮೊಳಗೇ ಮದುವೆ ಮಾಡಿಕೊಂಡು ಬಂದವರು. ಒಂದು ಜಿಲ್ಲೆಯೊಳಗೆ ಇಷ್ಟು ಬಗೆ. 83ರಲ್ಲಿ ನಮ್ಮ ಜಿಲ್ಲೆಯ ಪಾಲು ಎಷ್ಟು ಅಂತ ದಯವಿಟ್ಟು ನಮಗೆ ತಿಳಿಸಿ. ಇಲ್ಲವಾದರೆ ಮುಂದಿನ ಹಂತದಲ್ಲಿ ನಮ್ಮನ್ನು ಸೇರಿಸಿ.

ಇದು ಸುಮ್ನೆ ಹೆಮ್ಮೆಗೆ ಕೇಳುವ ಮಾತಲ್ಲ. 2017ರಲ್ಲಿ ಬಂದ ಒಂದು ಅಧ್ಯಯನ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ನೋಡಿತು. ಅವುಗಳಲ್ಲಿ 81 ಗುಂಪುಗಳು, ಹಿಂದೊಮ್ಮೆ ಕೆಲವೇ ಪೂರ್ವಿಕರಿಂದ ಬೆಳೆದು ಬಂದ ಗುರುತನ್ನು ಬಲವಾಗಿ ತೋರಿಸಿದವು. ಅಂಥ ಗುಂಪುಗಳಲ್ಲಿ ಕೆಲವು ಅಪರೂಪದ ರೋಗಗಳು ಅಪರೂಪವಾಗಿ ಉಳಿಯುವುದಿಲ್ಲ. ಆಂಧ್ರ, ಕರ್ನಾಟಕದ ವೈಶ್ಯ ಸಮುದಾಯದ ಉದಾಹರಣೆ ವೈದ್ಯರಿಗೆ ಗೊತ್ತು. ಅವರಲ್ಲಿ ಕೆಲವರಿಗೆ ಒಂದು ಕಿಣ್ವದ ಕೊರತೆ ಇರುತ್ತದೆ. ಆಪರೇಷನ್‌ಗೆ ಅರಿವಳಿಕೆ ಕೊಡುವಾಗ ಸ್ನಾಯು ಸಡಿಲಿಸಲು ಬಳಸುವ ಒಂದು ಮದ್ದು ಅಂಥವರ ಮೈಯಲ್ಲಿ ಬೇಗ ಕರಗುವುದಿಲ್ಲ, ಉಸಿರಾಟಕ್ಕೇ ತೊಂದರೆ. ಮೊದಲೇ ಗೊತ್ತಿದ್ದರೆ ಬೇರೆ ಮದ್ದು ಬಳಸುತ್ತಾರೆ, ಅಷ್ಟೇ. ಗೊತ್ತಿರುವುದರಿಂದ ಜೀವ ಉಳಿಯುತ್ತದೆ. ನಮ್ಮ ಊರಿನ ಸಮುದಾಯಗಳಲ್ಲಿ ಇಂಥದ್ದು ಏನಿದೆ ಅಂತ ತಿಳಿದುಕೊಳ್ಳಬೇಕಾದರೆ ಯಾರಾದರೂ ಬಂದು ನೋಡಬೇಕು.

ಪುಟ್ಟಿಯ ವಿಷಯದಲ್ಲೂ ಹಾಗೇ. ಫಿಟ್ಸ್ ತರುವ ಜೀನುಗಳು ಒಂದೆರಡಲ್ಲ. ಎಸ್‌ಸಿಎನ್1ಎ ಅನ್ನುವ ಜೀನಿನ ದೋಷದಿಂದ ಬರುವ ಡ್ರಾವೆಟ್ ಸಿಂಡ್ರೋಮಿನಲ್ಲಿ, ಸಾಮಾನ್ಯವಾಗಿ ಕೊಡುವ ಕೆಲವು ಫಿಟ್ಸ್ ಮಾತ್ರೆಗಳೇ ಫಿಟ್ಸ್ ಹೆಚ್ಚು ಮಾಡುತ್ತವೆ. ಯಾವ ಜೀನು ಅಂತ ಗೊತ್ತಾದರೆ ವೈದ್ಯರು ಮಾತ್ರೆ ಆರಿಸುವ ಬಗೆಯೇ ಬದಲಾಗುತ್ತದೆ. ನಾವು ಈ ಒಂಬತ್ತು ವರ್ಷದಲ್ಲಿ ಐದು ಮಾತ್ರೆ ಬದಲಿಸಿದ್ದೇವೆ. ಒಂದು ಮಾತ್ರೆ ಶುರು ಮಾಡಿದ ವಾರದಲ್ಲಿ ಪುಟ್ಟಿಗೆ ದಿನಕ್ಕೆ ಎಂಟು ಸಲ ಬಂತು. 2020ರ ಮಾರ್ಚಿನಲ್ಲಿ ಕೋವಿಡ್ ಅಂತ ತಲಪಾಡಿಯ ರಾಜ್ಯ ಗಡಿ ಮುಚ್ಚಿದಾಗ ಮಂಗಳೂರಿನಿಂದ ತರುತ್ತಿದ್ದ ಮಾತ್ರೆ ಮುಗಿದು ಅರ್ಧ ಅರ್ಧ ಮಾಡಿ ಕೊಟ್ಟೆವು. ಆ ದಿನಗಳಲ್ಲಿ ಅಕ್ಕ ರಾತ್ರಿಯಿಡೀ ಅವಳ ಪಕ್ಕ ಕೂತಿರುತ್ತಿದ್ದಳು.

ಮತ್ತೆ ಓದುವುದರಿಂದ ಪ್ರಯೋಜನ ಇದೆಯೇ ಅಂತ ಪ್ರಯೋಗಾಲಯಗಳು ಕೇಳಬಹುದು. ಇದೆ. ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮೊದಲ ಸಲ ಉತ್ತರ ಸಿಗದಿದ್ದ ಮನೆಗಳಲ್ಲಿ ನೂರಕ್ಕೆ ಸುಮಾರು ಹತ್ತು ಮನೆಗೆ ಎರಡನೇ ಓದಿನಲ್ಲಿ ಉತ್ತರ ಸಿಕ್ಕಿದೆ. ಹೊಸ ರಕ್ತ ಬೇಡ, ಹೊಸ ಯಂತ್ರ ಬೇಡ. ಇದ್ದ ಫೈಲನ್ನೇ ಹೊಸ ತಿಳಿವಳಿಕೆಯಿಂದ ಓದುವುದು. ಈ ಹತ್ತರಲ್ಲಿ ಒಂದು ನಮ್ಮ ಮನೆ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆ ಅವಕಾಶವನ್ನೇ ಅಳಿಸಿಬಿಟ್ಟರು ಅಂತ ಹೇಳುತ್ತಿದ್ದೇನೆ.

ಮುಂದೆ ಬರುವುದು ಇನ್ನೂ ದೊಡ್ಡದು. ಪುಟ್ಟಿಗೆ ಮಾಡಿಸಿದ ಪರೀಕ್ಷೆ ಪ್ರೋಟೀನು ತಯಾರಿಸುವ ಭಾಗವನ್ನು ಮಾತ್ರ ಓದುತ್ತದೆ. ಅದು ಇಡೀ ಜೀನೋಮಿನ ನೂರಕ್ಕೆ ಎರಡು ಪಾಲೂ ಇಲ್ಲ. ಉಳಿದ ಭಾಗದಲ್ಲಿ ಆಗುವ ಬದಲಾವಣೆಗೆ ಅರ್ಥ ಹೇಳುವುದು ಬಹಳ ಕಷ್ಟವಾಗಿತ್ತು. 2025ರಲ್ಲಿ ಬಂದ ಆಲ್ಫಾಜೀನೋಮ್ ಅನ್ನುವ ಪ್ರೋಗ್ರಾಮು ಹತ್ತು ಲಕ್ಷ ಅಕ್ಷರಗಳ ಉದ್ದದ ಡಿಎನ್‌ಎಯನ್ನು ಒಮ್ಮೆಗೇ ತೆಗೆದುಕೊಂಡು, ಒಂದು ಅಕ್ಷರ ಬದಲಾದರೆ ಜೀನು ಏಳುವುದು ಮಲಗುವುದು ಹೇಗೆ ಬದಲಾಗಬಹುದು ಅಂತ ಊಹಿಸುತ್ತದೆ. ಅದೇ ವರ್ಷ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಯಕೃತ್ತಿನ ಒಂದು ಕಿಣ್ವವಿಲ್ಲದೆ ಹುಟ್ಟಿದ ಕೂಸಿಗೆ, ಅದರ ಒಂದು ಅಕ್ಷರದ ತಪ್ಪು ತಿದ್ದಲೆಂದೇ ಆರು ತಿಂಗಳಲ್ಲಿ ಮದ್ದು ತಯಾರಿಸಿ ಕೊಟ್ಟರು. ಆ ಸುದ್ದಿ ಓದಿ ನಾನು ಅತ್ತೆ. ಖುಷಿಗೇ ಅತ್ತೆ. ಆ ಕೂಸಿನ ತಪ್ಪು ಅಕ್ಷರ ಯಾವುದು ಅಂತ ಹುಟ್ಟಿದ ಕೆಲವೇ ದಿನಗಳಲ್ಲಿ ಗೊತ್ತಾಗಿತ್ತು. ಉಳಿದದ್ದೆಲ್ಲ ಅದರ ಮೇಲೆ ನಿಂತಿತು.

ಹಾಗಾಗಿ ನನ್ನ ಕೋರಿಕೆಗಳನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಫೈಲಿನದು. ಜೀನ್ ಪರೀಕ್ಷೆ ಮಾಡುವ ಪ್ರತಿ ಪ್ರಯೋಗಾಲಯವೂ ಕಚ್ಚಾ ಫೈಲನ್ನು ವರದಿಯ ಜೊತೆಗೇ ಕುಟುಂಬಕ್ಕೆ ಕೊಡಬೇಕು ಅಂತ ನಿಯಮ ಮಾಡಿಸಿ. ಕೇಳಿದರೆ ಕೊಡುತ್ತೇವೆ ಅಂದರೆ ಸಾಲದು. ಕೇಳಬಹುದು ಅನ್ನುವುದೇ ನಮ್ಮಂಥವರಿಗೆ ಗೊತ್ತಿರುವುದಿಲ್ಲ. ಅಳಿಸುವ ಮೊದಲು ಮನೆಯವರಿಗೆ ತಿಳಿಸಲೇಬೇಕು. ನಿಮ್ಮ ಫರೀದಾಬಾದಿನ ಕೇಂದ್ರದಲ್ಲಿ ಅಷ್ಟು ದೊಡ್ಡ ದತ್ತಾಂಶ ಇಡುವ ವ್ಯವಸ್ಥೆ ಇದೆ. ಬಡ ಮನೆಗಳ ಮಕ್ಕಳ ಫೈಲುಗಳನ್ನು ಅವರ ಒಪ್ಪಿಗೆಯಿಂದ, ಅವರ ಹೆಸರು ಕಾಪಾಡಿ, ಅಲ್ಲೇ ಇಡುವ ದಾರಿ ಮಾಡಬಾರದೇ?

ಉತ್ತರ ಸಿಗದ ವರದಿಗಳನ್ನು ಎರಡು ವರ್ಷಕ್ಕೊಮ್ಮೆಯಾದರೂ ಪುಕ್ಕಟೆಯಾಗಿ ಮತ್ತೆ ಓದುವ ಏರ್ಪಾಡು ಬೇಕು. ಇದನ್ನು ಪ್ರಯೋಗಾಲಯಗಳ ಮೇಲೆ ಮಾತ್ರ ಹೊರಿಸಬೇಡಿ. ಪೆರಿಯದಲ್ಲಿ ನಮ್ಮದೇ ಜಿಲ್ಲೆಯ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅಲ್ಲಿ ಜೀವವಿಜ್ಞಾನ ಓದುವ ಮಕ್ಕಳಿದ್ದಾರೆ. ನನ್ನ ಹಳೆ ವಿದ್ಯಾರ್ಥಿಯಂಥವರು ಬೆಂಗಳೂರು, ಮಂಗಳೂರಿನಲ್ಲಿ ಎಷ್ಟೋ ಜನ. ತಜ್ಞರ ಕಣ್ಣಳತೆಯಲ್ಲಿ ಅವರಿಂದ ಈ ಕೆಲಸ ಮಾಡಿಸಿದರೆ ಅವರಿಗೂ ಕಲಿಕೆ, ನಮಗೂ ಉತ್ತರ. ಅಪ್ಪ ಅಮ್ಮನ ಪರೀಕ್ಷೆಯ ಖರ್ಚನ್ನು ಸರ್ಕಾರ ಭರಿಸಿದರೆ ಅರ್ಧ ಅನುಮಾನ ಅಲ್ಲಿಗೇ ತೀರುತ್ತದೆ.

ಒಪ್ಪಿಗೆ ಪತ್ರ ಮತ್ತು ವರದಿಯ ಸಾರ ಕನ್ನಡದಲ್ಲಿರಲಿ. ಮಲಯಾಳದಲ್ಲೂ ಇರಲಿ. ಕೊರಗರ ಹಾಡಿಗೆ ಹೋದರೆ ತುಳುವಿನಲ್ಲಿ ಬಾಯಿಮಾತಿನಲ್ಲಿ ಹೇಳುವವರು ಇರಲಿ. ಜಿಲ್ಲೆಗೆ ಒಬ್ಬ ಜೀನ್ ಸಲಹೆಗಾರರಾದರೂ ಬೇಕು, ನಮ್ಮ ಭಾಷೆ ಬಲ್ಲವರು. ಕಾಸರಗೋಡಿನಿಂದ ತಿರುವನಂತಪುರಕ್ಕೆ 550 ಕಿಲೋಮೀಟರಿಗೂ ಜಾಸ್ತಿ. ಫಿಟ್ಸ್ ಬರುವ ಮಗುವನ್ನು ಎತ್ತಿಕೊಂಡು ರಾತ್ರಿಯಿಡೀ ರೈಲಿನಲ್ಲಿ ಹೋಗಿ, ಅಲ್ಲಿ ಹತ್ತು ನಿಮಿಷ ಮಾತಾಡಿ ಬರುವುದು ಏನು ಅನ್ನುವುದು ಹೋದವರಿಗೆ ಗೊತ್ತು.

ಎಂಡೋಸಲ್ಫಾನ್ ಸಂತ್ರಸ್ತರ ವಿಷಯದಲ್ಲಿ ಒಂದು ಮಾತನ್ನು ಎಚ್ಚರದಿಂದ ಹೇಳುತ್ತೇನೆ. ಜೀನ್ ಪರೀಕ್ಷೆ ಬಂದರೆ, ನಿಮ್ಮ ಮಗುವಿನದು ಜೀನಿನ ದೋಷ ಅಂತ ಹೇಳಿ ಪರಿಹಾರ ಕಿತ್ತುಕೊಳ್ಳುತ್ತಾರೆ ಅನ್ನುವ ಭಯ ಇಲ್ಲಿನ ತಾಯಂದಿರಿಗಿದೆ. ಅದು ಸುಳ್ಳು ಭಯ ಅಲ್ಲ. ಯಾವ ಪರೀಕ್ಷೆಯ ಫಲಿತಾಂಶವನ್ನೂ ಪಿಂಚಣಿ, ಪರಿಹಾರ ನಿಲ್ಲಿಸಲು ಬಳಸುವುದಿಲ್ಲ ಅಂತ ಲಿಖಿತವಾಗಿ ಕೊಡಿ. ಅದಾದ ಮೇಲೆಯೇ ಯಾರ ಮನೆ ಬಾಗಿಲಿಗೂ ಹೋಗಿ. ವಿಷದಿಂದ ಆದದ್ದು ಯಾವುದು, ಜೀನಿನಿಂದ ಆದದ್ದು ಯಾವುದು, ಎರಡೂ ಸೇರಿ ಆದದ್ದು ಯಾವುದು ಎಂದು ತಿಳಿದರೆ ಚಿಕಿತ್ಸೆಗೆ ದಾರಿ. ಆ ತಿಳಿವಳಿಕೆಯನ್ನು ನಮ್ಮ ವಿರುದ್ಧ ತಿರುಗಿಸಬಾರದು.

ಕೊನೆಯದು ನನ್ನ ಶಾಲೆಯ ಮಕ್ಕಳ ಪರವಾಗಿ. ಆಲ್ಫಾಫೋಲ್ಡ್‌ನ ಸಂಗ್ರಹವಾಗಲಿ, ಅಮೈನೋ ಆಮ್ಲದ ಸರಗಳನ್ನು ಹೋಲಿಸಿ ನೋಡುವ ಸಲಕರಣೆಗಳಾಗಲಿ ಎಲ್ಲರಿಗೂ ಉಚಿತ. ಒಂದು ಕಂಪ್ಯೂಟರ್, ಇಂಟರ್ನೆಟ್, ಅರ್ಥವಾಗುವ ಭಾಷೆಯಲ್ಲಿ ಒಂದು ಕೈಪಿಡಿ ಇದ್ದರೆ ಎಣ್ಮಕಜೆಯ ಹುಡುಗಿಯೂ ಹಿಮೋಗ್ಲೋಬಿನನ್ನು ತಿರುಗಿಸಿ ತಿರುಗಿಸಿ ನೋಡಬಹುದು. ನಾನು ತೋರಿಸಿದ್ದೇನೆ. ಆ ದಿನ ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಕನ್ನಡದಲ್ಲಿ ಒಂದು ಒಳ್ಳೆಯ ಕೈಪಿಡಿ ಮಾಡಿಸಿ ಕೊಡಿ. ಕರ್ನಾಟಕದ ಮಕ್ಕಳಿಗೂ ಅದು ಬೇಕಾಗುತ್ತದೆ.

ಅಕ್ಕ ಮತ್ತು ಭಾವ ಹೊಸದಾಗಿ ಪರೀಕ್ಷೆ ಮಾಡಿಸಲು ಹಣ ಕೂಡಿಸುತ್ತಿದ್ದಾರೆ. ಈ ಸಲ ಎಲೆಚುಕ್ಕಿ ರೋಗ ಬಂದು ಅಡಿಕೆ ಕಮ್ಮಿ, ಹಾಗಾಗಿ ಇನ್ನೂ ಸಮಯ ಹಿಡಿಯಬಹುದು. ನೀವು ಸಮೀಕ್ಷೆಗೆ ಬರುವುದಾದರೆ ನಮ್ಮ ಶಾಲೆಯ ಹಾಲ್ ಭಾನುವಾರ ಖಾಲಿ ಇರುತ್ತದೆ. ಜನರನ್ನು ಸೇರಿಸುವುದು, ಮನೆ ಮನೆಗೆ ಹೋಗಿ ವಿವರಿಸುವುದು ನನ್ನ ಮತ್ತು ನನ್ನ ಜೊತೆಯ ಮೂವರು ಶಿಕ್ಷಕಿಯರ ಜವಾಬ್ದಾರಿ. ಆಶಾ ಕಾರ್ಯಕರ್ತೆಯರ ಜೊತೆಯೂ ಮಾತಾಡಿದ್ದೇನೆ, ಬರುತ್ತೇವೆ ಅಂದಿದ್ದಾರೆ. ಹದಿನೈದು ದಿನ ಮೊದಲು ತಿಳಿಸಿದರೆ ಸಾಕು. ಆ ಪತ್ರ ಮಾತ್ರ ಕನ್ನಡದಲ್ಲಿರಲಿ, ಅಕ್ಕ ತಾನೇ ಓದಿಕೊಳ್ಳುತ್ತಾಳೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಮಾಧ್ಯಮ ಶಾಲೆಯ ಜೀವಶಾಸ್ತ್ರ ಶಿಕ್ಷಕಿ,
ಎಣ್ಮಕಜೆ, ಕಾಸರಗೋಡು ಜಿಲ್ಲೆ.